ಗೇಟಿನಲ್ಲಿ ಎಣಿಸಿದ ಬಾಕ್ಸ್

ಮಾರ್ಚ್ ಕೊನೆಯ ವಾರ. ವಿಜಯಪುರದಲ್ಲಿ ಬೆಳಗ್ಗೆ ಹತ್ತಕ್ಕೇ ಬಿಸಿಲು ಚುರುಗುಟ್ಟುತ್ತಿತ್ತು. ತಿಕೋಟಾ ಕಡೆಯಿಂದ ಒಣದ್ರಾಕ್ಷಿ ಬಾಕ್ಸ್ ಹೇರಿಕೊಂಡ ಟ್ರ್ಯಾಕ್ಟರ್‌ಗಳು ಒಂದರ ಹಿಂದೆ ಒಂದು ಬರುತ್ತಿದ್ದವು. ಊರ ಹೊರಗಿನ ಒಂದು ಕೋಲ್ಡ್ ಸ್ಟೋರೇಜ್‌ಗೆ ನಾನು ಜಾವಾ ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಚಿಕ್ಕದೊಂದು ಸಾಫ್ಟ್‌ವೇರ್ ಬರೆದುಕೊಟ್ಟಿದ್ದೆ. ಒಳಗೆ ಬಂದ ಬಾಕ್ಸ್‌ಗಳ ನಂಬರ್ ಹಿಡಿದಿಡಬೇಕು, ಇವತ್ತು ಒಟ್ಟು ಎಷ್ಟು ಬಂದವು ಅಂತ ಹೇಳಬೇಕು. ಅಷ್ಟೇ ಕೆಲಸ.

ಗೇಟಿನ ವಾಚ್‌ಮನ್ ಕಾಕಾ ರಿಜಿಸ್ಟರ್ ಹಿಡಿದುಕೊಂಡು ಆಫೀಸಿಗೆ ಬಂದರು.

"ತಮ್ಮಾ, ಗಾಡ್ಯಾಗ ಬಂದಾವ ನೂರಾ ಇಪ್ಪತ್ತ. ನಿನ್ನ ಕಂಪ್ಯೂಟರ್ ಇನ್ನೂರಾ ನಲವತ್ತ ಅನ್ನಾಕತ್ತೈತಿ."

ನನಗೆ ಎದೆ ಧಸಕ್ಕೆಂದಿತು. ಇಲ್ಲಿ ಬಾಡಿಗೆ ಬಾಕ್ಸ್ ಲೆಕ್ಕದಲ್ಲಿ. ರೈತನ ಕೈಗೆ ಹೋಗುವ ಪಾವತಿಯಲ್ಲಿ ಇದೇ ಅಂಕಿ ಇರುತ್ತದೆ. ಇಡೀ ವರ್ಷದ ಬೆಳೆ ಆ ಚೀಟಿಯಲ್ಲಿ ಇರುತ್ತದೆ. ಅದರಲ್ಲಿ ಒಂದು ಬಾಕ್ಸ್ ಕೂಡ ಆಚೀಚೆ ಆಗಬಾರದು.

ಮೊದಲು ನಂಬರ್‌ಗಳನ್ನು ಅರೇಲಿಸ್ಟ್‌ನಲ್ಲಿ, ಅಂದರೆ ಜಾವಾದ ಸಿದ್ಧ ಪಟ್ಟಿಯಲ್ಲಿ, ಇಟ್ಟಿದ್ದೆ. ಆ ಕ್ಲಾಸನ್ನೇ (ಕೋಡಿನ ಅಚ್ಚು) ಎಕ್ಸ್‌ಟೆಂಡ್ ಮಾಡಿ, ಅಂದರೆ ಅದರ ಗುಣವೆಲ್ಲ ಪಡೆದ ಮಗು ಕ್ಲಾಸ್ ಬರೆದು, ಸೇರಿಸುವ ಎರಡು ಮೆಥಡ್‌ಗಳಲ್ಲಿ (ಒಂದೊಂದು ಕೆಲಸ ಮಾಡುವ ಕೋಡಿನ ತುಣುಕು) ಎಣಿಕೆ ಹಾಕಿದ್ದೆ. ಒಂದೊಂದೇ ಬಾಕ್ಸ್ ಸೇರಿಸಲು ಆ್ಯಡ್, ಟ್ರಾಲಿ ಪೂರ್ತಿ ಒಮ್ಮೆಗೇ ಸೇರಿಸಲು ಆ್ಯಡ್‌ಆಲ್. ಈಗ ಒಳಗೆ ಎಷ್ಟಿವೆ ಅಂತ ಹೇಳುವ ಸೈಜ್ ಕೇಳಿದರೆ ಸಾಕಲ್ವಾ ಅಂತ ಅನ್ನಿಸಬಹುದು. ಸಾಕಾಗಲ್ಲ. ಮಧ್ಯಾಹ್ನ ಮಾಲು ಹೊರಗೆ ಹೋದರೆ ಸೈಜ್ ಇಳಿಯುತ್ತದೆ, ನಮಗೆ ಬೇಕಾದದ್ದು ಒಟ್ಟು ಬಂದದ್ದು. ಎರಡು ದಿನ ಎಲ್ಲಾ ಸರಿಯಾಗೇ ಇತ್ತು. ಆಮೇಲೆ ಒಂದೇ ನಂಬರ್ ಎರಡು ಸಲ ಸ್ಕ್ಯಾನ್ ಆಗುವುದನ್ನು ತಡೆಯಲು ಅರೇಲಿಸ್ಟ್ ತೆಗೆದು, ಒಂದನ್ನೇ ಎರಡು ಸಲ ಇಟ್ಟುಕೊಳ್ಳದ ಹ್ಯಾಶ್‌ಸೆಟ್ ಹಾಕಿದೆ. ಎಣಿಕೆಯನ್ನೂ ಅದಕ್ಕೆ ತಕ್ಕ ಹಾಗೆ ತಿದ್ದಿದೆ, ಹೊಸದಾಗಿ ಸೇರಿದ್ದನ್ನು ಮಾತ್ರ ಕೂಡಿಸುವಂತೆ. ಡಬಲ್ ಲೆಕ್ಕ ಶುರುವಾಗಿದ್ದು ಅಲ್ಲಿಂದಲೇ.

ಒಂದು ಗಂಟೆ ಹುಡುಕಿದೆ. ಹ್ಯಾಶ್‌ಸೆಟ್‌ಗೆ ತನ್ನದೇ ಆ್ಯಡ್‌ಆಲ್ ಇಲ್ಲ. ಅದು ಮೇಲಿನ ಕ್ಲಾಸಿನಿಂದ ಬರುತ್ತದೆ. ಅಲ್ಲಿ ಒಂದು ಲೂಪ್ ಇದೆ, ಒಂದೊಂದು ಐಟಂಗೂ ಆ್ಯಡ್ ಅನ್ನೇ ಕರೆಯುತ್ತದೆ. ಆ ಆ್ಯಡ್ ಅಂದರೆ ನಾನು ಬರೆದದ್ದೇ. ಅಲ್ಲಿ 120 ಎಣಿಕೆ ಆಯಿತು. ಲೂಪ್ ಮುಗಿಸಿ ಬಂದಮೇಲೆ ನನ್ನ ಆ್ಯಡ್‌ಆಲ್ ಮತ್ತೆ 120 ಕೂಡಿಸಿತು. ಅರೇಲಿಸ್ಟ್ ಹಾಗೆ ಮಾಡುವುದಿಲ್ಲ. ಅದು ಎಲ್ಲವನ್ನೂ ಒಟ್ಟಿಗೆ ಕಾಪಿ ಮಾಡಿಕೊಳ್ಳುತ್ತದೆ, ಆ್ಯಡ್ ಕಡೆ ಹೋಗುವುದೇ ಇಲ್ಲ. ಅದಕ್ಕೇ ಮೊದಲು ಲೆಕ್ಕ ಸರಿ ಇತ್ತು.

ಆ್ಯಡ್‌ಆಲ್‌ನಲ್ಲಿದ್ದ ಎಣಿಕೆಯ ಸಾಲು ಅಳಿಸಿದ್ದರೆ ಆ ದಿನದ ಕೆಲಸ ಮುಗಿಯುತ್ತಿತ್ತು. ಕೈ ಕೀಬೋರ್ಡ್ ಮೇಲೆ ಇತ್ತು ಕೂಡ. ಆದರೆ ನಾಳೆ ಯಾರಾದರೂ ಮತ್ತೆ ಅರೇಲಿಸ್ಟ್ ಹಾಕಿದರೆ? ಟ್ರಾಲಿ ಪೂರ್ತಿ ಒಳಗೆ ಹೋಗುತ್ತದೆ, ಎಣಿಕೆ ಸೊನ್ನೆ. ಒಳಗಿನ ಕ್ಲಾಸು ಹೇಗೆ ಕೆಲಸ ಮಾಡುತ್ತದೆ ಅನ್ನುವುದರ ಮೇಲೆ ನನ್ನ ಲೆಕ್ಕ ನಿಂತಿತ್ತು. ಅದೇ ನನಗೆ ಸರಿ ಕಾಣಲಿಲ್ಲ.

ಹೊರಗೆ ಬಂದು ಗೇಟಿನ ಹತ್ತಿರ ನಿಂತೆ. ಹಮಾಲರು ಬಾಕ್ಸ್ ಇಳಿಸುತ್ತಿದ್ದರು. ಕೆಲವರು ಒಂದೊಂದೇ ತಲೆ ಮೇಲೆ ಹೊತ್ತು ಹೋಗುತ್ತಿದ್ದರು, ಕೆಲವರು ಕೈಗಾಡಿಯಲ್ಲಿ ಜೋಡಿಸಿ ತಳ್ಳುತ್ತಿದ್ದರು. ಕಾಕಾನನ್ನು ಕೇಳಿದೆ, ನಿಮ್ಮ ಲೆಕ್ಕ ಯಾಕೆ ತಪ್ಪಲ್ಲ ಅಂತ.

"ನಾ ಗೇಟಿನ್ಯಾಗ ಒಮ್ಮೆ ಬರಕೋತೀನಿ. ಒಳಗ ಹೆಂಗ ಇಳಸ್ತಾರ, ಅದು ನನಗ ಬ್ಯಾಡ."

ಡೆಕೋರೇಟರ್ ಪ್ಯಾಟರ್ನ್ ಅನ್ನುವ ಹೆಸರು ಕಾಲೇಜಿನಲ್ಲೇ ಕೇಳಿದ್ದೆ. ಅದು ಅರ್ಥವಾಗಿದ್ದು ಆ ಗೇಟಿನಲ್ಲಿ. ನನ್ನ ಕ್ಲಾಸು ಹ್ಯಾಶ್‌ಸೆಟ್‌ನ ಮಗು ಆಗಬೇಕಿಲ್ಲ. ಅದರ ಮುಂದೆ ನಿಂತರೆ ಸಾಕು. ಒಳಗೆ ಒಂದು ಸೆಟ್ ಇಟ್ಟುಕೊಳ್ಳಬೇಕು, ಹೊರಗಿನಿಂದ ನೋಡುವವರಿಗೆ ತಾನೂ ಒಂದು ಸೆಟ್ ಆಗೇ ಕಾಣಬೇಕು. ಬಂದ ಪ್ರತಿ ಕರೆಯನ್ನೂ ಒಳಗೆ ದಾಟಿಸಬೇಕು, ದಾಟಿಸುವಾಗ ಎಣಿಸಬೇಕು. ಒಳಗಿನ ಸೆಟ್ ತನ್ನ ಆ್ಯಡ್ ಅನ್ನು ನೂರು ಸಲ ಕರೆದುಕೊಳ್ಳಲಿ, ಅದು ನನ್ನ ಗೇಟಿಗೆ ಬರುವುದೇ ಇಲ್ಲ.

ಮಧ್ಯಾಹ್ನ ಊಟ ಮುಂದೂಡಿ ಬರೆದೆ. ಸೆಟ್ ಅಂದರೆ ಹದಿನೈದರ ಆಸುಪಾಸು ಮೆಥಡ್‌ಗಳು, ಎಲ್ಲವನ್ನೂ ದಾಟಿಸಬೇಕು. ಬೇಜಾರಿನ ಕೆಲಸ, ಒಪ್ಪುತ್ತೇನೆ. ಹಾಗಾಗಿ ಸುಮ್ನೆ ದಾಟಿಸುವುದನ್ನಷ್ಟೇ ಮಾಡುವ ಒಂದು ಕ್ಲಾಸ್ ಬೇರೆ ಬರೆದೆ. ಎಣಿಸುವುದು ಅದರ ಮೇಲೆ ಕೆಲವೇ ಸಾಲು.

ಜಾವಾದ ಒಳಗೇ ಇದು ಎಷ್ಟೊಂದು ಕಡೆ ಇದೆ ಅಂತ ಆಮೇಲೆ ಕಣ್ಣಿಗೆ ಬಿತ್ತು. 1998ರಲ್ಲಿ ಜಾವಾ 1.2 ಜೊತೆ ಕಲೆಕ್ಷನ್ ಫ್ರೇಮ್‌ವರ್ಕ್, ಅಂದರೆ ಪಟ್ಟಿ, ಸೆಟ್ ಇಂಥವುಗಳ ಸಿದ್ಧ ಕ್ಲಾಸ್‌ಗಳ ಗುಂಪು, ಬಂತು. ಅದನ್ನು ರೂಪಿಸಿದವರಲ್ಲಿ ಮುಖ್ಯರು ಜೋಶುವಾ ಬ್ಲಾಕ್. ಅನ್‌ಮಾಡಿಫೈಯಬಲ್‌ಸೆಟ್, ಸಿಂಕ್ರನೈಸ್ಡ್‌ಸೆಟ್ ಆಗಿನಿಂದಲೇ ಇವೆ. ಎರಡೂ ಹೀಗೆ ಹೊರಗೆ ನಿಲ್ಲುವ ಕಾವಲುಗಾರರೇ. ಒಂದು ಬದಲಾವಣೆ ಮಾಡಲು ಬಿಡುವುದಿಲ್ಲ, ಇನ್ನೊಂದು ಒಬ್ಬೊಬ್ಬರನ್ನೇ ಒಳಗೆ ಬಿಡುತ್ತದೆ. ರಿಪೋರ್ಟ್ ಪರದೆಗೆ ನಾನು ಮೊದಲನೆಯದನ್ನು ಕೊಟ್ಟೆ. ಒಂದು ಎಚ್ಚರ ಬೇಕು: ಅದು ಕಾಪಿ ಅಲ್ಲ. ಹಿಂದಿನ ಅಸಲಿ ಸೆಟ್ ಬದಲಾದರೆ ಪರದೆಯೂ ಬದಲಾಗುತ್ತದೆ. ದಿನದ ಕೊನೆಯ ಲೆಕ್ಕ ಗಟ್ಟಿಯಾಗಿ ನಿಲ್ಲಬೇಕು ಅಂದರೆ ಬದಲಾಗದ ನಕಲು ಕೊಡುವ ಸೆಟ್‌ನ ಕಾಪಿಆಫ್ ಬೇಕು. ಅದು 2018ರಲ್ಲಿ ಜಾವಾ 10ರಲ್ಲಿ ಬಂದದ್ದು.

ಸಂಜೆಯ ಹೊತ್ತಿಗೆ ಮಾಲೀಕರು ಎರಡನೇ ಬಾಗಿಲಿಗೂ ಒಂದು ಸ್ಕ್ಯಾನರ್ ಕೊಡಿ ಅಂದರು. ಒಳಗಿನ ಹ್ಯಾಶ್‌ಸೆಟ್‌ಗೆ ಸಿಂಕ್ರನೈಸ್ಡ್‌ಸೆಟ್ ಸುತ್ತಿದೆ, ಅದರ ಹೊರಗೆ ನನ್ನ ಎಣಿಸುವ ಕ್ಲಾಸ್ ಇಟ್ಟೆ. ಹಾಗೇ ಕೊಡಲು ಧೈರ್ಯ ಬರಲಿಲ್ಲ. ಏಕಕಾಲಕ್ಕೆ ಓಡುವ ಎರಡು ಥ್ರೆಡ್ ಮಾಡಿ, ಒಂದೊಂದರಿಂದ ಬೇರೆ ಬೇರೆ 10,000 ನಂಬರ್ ಸೇರಿಸಿ ನೋಡಿದೆ. ಸೆಟ್‌ನಲ್ಲಿ ಸರಿಯಾಗಿ 20,000 ಇದ್ದವು. ಎಣಿಕೆ ಮಾತ್ರ ಕಡಿಮೆ, ಅದೂ ಪ್ರತಿ ಸಲ ಬೇರೆ. ಬೀಗ ಒಳಗಿನ ಬಾಗಿಲಿಗೆ ಇತ್ತು, ರಿಜಿಸ್ಟರ್ ಬೀಗದ ಹೊರಗೆ. ಇಬ್ಬರು ಒಂದೇ ಅಂಕಿ ಓದಿ, ಇಬ್ಬರೂ ಅದಕ್ಕೆ ಒಂದು ಕೂಡಿಸಿ ಬರೆದರೆ ಒಂದು ಬಾಕ್ಸ್ ಲೆಕ್ಕದಿಂದ ಹೋಯಿತು.

ಕ್ರಮ ತಿರುಗಿಸಿದೆ. ಎಣಿಸುವುದು ಒಳಗೆ, ಸಿಂಕ್ರನೈಸ್ಡ್‌ಸೆಟ್ ಎಲ್ಲಕ್ಕಿಂತ ಹೊರಗೆ. ಒಂದು ಸಾಲಿನ ಬದಲಾವಣೆ. ಎಕ್ಸ್‌ಟೆಂಡ್ ಮಾಡಿಕೊಂಡೇ ಕೂತಿದ್ದರೆ ಇಷ್ಟು ಸುಲಭವಾಗಿ ಕಳಚಿ ಜೋಡಿಸಲು ಆಗುತ್ತಲೇ ಇರಲಿಲ್ಲ. ಎಷ್ಟು ಸಲ ಓಡಿಸಿದರೂ 20,000.

ಆರೂವರೆಗೆ ಇನ್ನೊಂದು ಟ್ರ್ಯಾಕ್ಟರ್ ಬಂತು. ಅರ್ಧ ಬಾಕ್ಸ್ ಈ ಬಾಗಿಲಿಗೆ, ಅರ್ಧ ಆ ಬಾಗಿಲಿಗೆ ಹೋದವು. ಕೊನೆಯ ಹಮಾಲ ಒಳಗೆ ಹೋಗುವವರೆಗೂ ಪರದೆ ನೋಡುತ್ತಾ ನಿಂತಿದ್ದೆ. ಕಾಕಾ ಹಿಂದಿನಿಂದ ಬಂದು ಇಣುಕಿದರು.

"ಎಷ್ಟ್ ಅಂತೈತಿ?"

"ಎಂಬತ್ನಾಲ್ಕು, ಕಾಕಾ."

ರಿಜಿಸ್ಟರಿನ ಕೊನೆಯ ಸಾಲಿನ ಮೇಲೆ ಬೆರಳಿಟ್ಟು ನನಗೆ ತೋರಿಸಿದರು. 84.