ಶಿಫಾರಸು ಪ್ರಾಜೆಕ್ಟ್: ಮಾಡೆಲ್ ಕಲಿತಾಯ್ತು, ಈಗ ಪಟ್ಟಿ ತೆಗೆಯುವ ಕೆಲಸ

ಸಿನಿಮಾ ಶಿಫಾರಸಿನ ಮಾಡೆಲ್ ಕೊನೆಗೂ ಸ್ಪಾರ್ಕ್ ಕ್ಲಸ್ಟರ್ (ಕೆಲಸವನ್ನು ಹಲವು ಯಂತ್ರಗಳಿಗೆ ಹಂಚುವ ವ್ಯವಸ್ಥೆ) ಮೇಲೆ ನೆಟ್ಟಗೆ ಓಡುತ್ತಿದೆ. ಬಳಸಿದ್ದು ಮೂವಿಲೆನ್ಸ್ 25ಎಂ, ಅಂದರೆ ಜನ ಸಿನಿಮಾಗಳಿಗೆ ಕೊಟ್ಟ ರೇಟಿಂಗ್‌ಗಳ ಸಾರ್ವಜನಿಕ ಡೇಟಾ. 1,62,541 ಬಳಕೆದಾರರು, 62,423 ಸಿನಿಮಾಗಳು, ಎರಡೂವರೆ ಕೋಟಿ ರೇಟಿಂಗ್. ಕೇಳೋಕೆ ದೊಡ್ಡದು, ಆದರೆ ಬಳಕೆದಾರರು ಒಂದು ಕಡೆ, ಸಿನಿಮಾಗಳು ಇನ್ನೊಂದು ಕಡೆ ಇರುವ ಇಡೀ ಕೋಷ್ಟಕದಲ್ಲಿ ತುಂಬಿರುವುದು ಶೇಕಡಾ 0.25 ಅಷ್ಟೇ. ಉಳಿದದ್ದೆಲ್ಲ ಖಾಲಿ.

ಕಲಿಕೆಗೆ ಎಎಲ್‌ಎಸ್ (ಆಲ್ಟರ್ನೇಟಿಂಗ್ ಲೀಸ್ಟ್ ಸ್ಕ್ವೇರ್ಸ್) ಹಿಡಿದಿದ್ದೇನೆ. ಇದರಲ್ಲಿ ಪ್ರತಿ ಬಳಕೆದಾರರಿಗೂ ಪ್ರತಿ ಸಿನಿಮಾಗೂ ಒಂದೊಂದು ವೆಕ್ಟರ್, ಅಂದರೆ ಸಂಖ್ಯೆಗಳ ಸಾಲು; ಎರಡು ಸಾಲುಗಳನ್ನು ಗುಣಿಸಿ ಕೂಡಿದರೆ (ಡಾಟ್ ಪ್ರಾಡಕ್ಟ್) ಅಂದಾಜು ಅಂಕ. ಸಿನಿಮಾಗಳ ವೆಕ್ಟರ್‌ಗಳನ್ನು ಅಲುಗಾಡದಂತೆ ಇಟ್ಟು ಬಳಕೆದಾರರದ್ದನ್ನು ಲೆಕ್ಕ ಹಾಕುವುದು, ಆಮೇಲೆ ಅದಲು ಬದಲು. ಒಂದು ಕಡೆ ಗಟ್ಟಿಯಾಗಿದ್ದರೆ ಇನ್ನೊಂದು ಕಡೆಯ ಪ್ರತಿ ವೆಕ್ಟರೂ ತನ್ನ ಪಾಡಿಗೆ ಒಂದು ಪುಟ್ಟ ಲೀಸ್ಟ್ ಸ್ಕ್ವೇರ್ಸ್ (ತಪ್ಪುಗಳ ವರ್ಗಗಳ ಮೊತ್ತವನ್ನು ಆದಷ್ಟು ಕಡಿಮೆ ಮಾಡುವ) ಲೆಕ್ಕ. ಒಬ್ಬರ ಲೆಕ್ಕ ಇನ್ನೊಬ್ಬರಿಗೆ ಕಾಯಬೇಕಿಲ್ಲ. ಹಲವು ಯಂತ್ರಗಳಿಗೆ ಹಂಚಲು ಇದಕ್ಕಿಂತ ಸಲೀಸಾದದ್ದು ಸಿಗುವುದು ಕಷ್ಟ. ರ‍್ಯಾಂಕ್ 50 ಇಟ್ಟೆ, ಅಂದರೆ ಒಂದು ವೆಕ್ಟರ್‌ನಲ್ಲಿ 50 ಸಂಖ್ಯೆ.

ನಿಜವಾದ ಭಾರ ಇರುವುದು ಆಮೇಲೆ. ಕಲಿತ ಸಿನಿಮಾ ವೆಕ್ಟರ್‌ಗಳೆಲ್ಲ ಸೇರಿ ಸುಮಾರು 12 ಎಂಬಿ. ಬಳಕೆದಾರರದ್ದು 32 ಎಂಬಿ. ಆದರೆ ಎಲ್ಲರಿಗೂ ಎಲ್ಲ ಸಿನಿಮಾಗಳ ಅಂಕ ಬೇಕು ಅಂದರೆ ಸಾವಿರ ಕೋಟಿ ಡಾಟ್ ಪ್ರಾಡಕ್ಟ್! ಅಷ್ಟನ್ನೂ ಬರೆದಿಟ್ಟರೆ 40 ಜಿಬಿ. ನಮಗೆ ಬೇಕಾದದ್ದು ತಲಾ 10 ಸಿನಿಮಾ, ಅಂದರೆ 16 ಲಕ್ಷ ಸಾಲು ಮಾತ್ರ.

ಸ್ಪಾರ್ಕ್‌ನಲ್ಲಿ ಇದಕ್ಕೆ ಸಿದ್ಧ ಫಂಕ್ಷನ್ ಇದೆ. ಆದರೆ ಅದು ಈಗಾಗಲೇ ನೋಡಿದ ಸಿನಿಮಾಗಳನ್ನು ತೆಗೆದುಹಾಕುವುದಿಲ್ಲ. ಸ್ವಲ್ಪ ಜಾಸ್ತಿ ಕೇಳಿ ಆಮೇಲೆ ಸೋಸಬಹುದು, ಆದರೆ ಸಾವಿರಾರು ಸಿನಿಮಾ ನೋಡಿದವರಿಗೆ ಎಷ್ಟು ಜಾಸ್ತಿ ಕೇಳಿದರೆ ಸಾಕು? ಹಾಗಾಗಿ ಈ ಹಂತವನ್ನು ನಾನೇ ಬರೆದೆ. ಸಿನಿಮಾ ವೆಕ್ಟರ್‌ಗಳ ಮ್ಯಾಟ್ರಿಕ್ಸ್ ಚಿಕ್ಕದಲ್ವಾ, ಅದನ್ನು ಎಲ್ಲ ಯಂತ್ರಗಳಿಗೂ ಬ್ರಾಡ್‌ಕಾಸ್ಟ್ ಮಾಡಿದೆ. ಪ್ರತಿ ಯಂತ್ರ ತನ್ನ ಪಾಲಿನ ಬಳಕೆದಾರರನ್ನು 1,024ರ ಗುಂಪು ಮಾಡಿ ಒಂದೇ ಏಟಿಗೆ ಗುಣಿಸುತ್ತದೆ. ಒಂದು ಗುಂಪಿನ ಅಂಕಗಳಿಗೆ ಸುಮಾರು 250 ಎಂಬಿ ಸಾಕು. ನೋಡಿದ ಸಿನಿಮಾಗಳ ಜಾಗಕ್ಕೆ ಅವು ಮೇಲೆ ಬರದಂತೆ ಮೈನಸ್ ಇನ್ಫಿನಿಟಿ ತುಂಬಿ, ನಂಪೈ ಎಂಬ ಪೈಥಾನ್ ಲೈಬ್ರರಿಯ ಆರ್ಗ್‌ಪಾರ್ಟಿಶನ್‌ನಿಂದ ಮೇಲಿನ 10 ಎತ್ತಿಕೊಂಡು, ಉಳಿದದ್ದನ್ನು ಅಲ್ಲೇ ಬಿಸಾಡುವುದು. ಪೂರ್ತಿ ಸಾರ್ಟ್ ಬೇಕಿಲ್ಲ, ನೆಟ್‌ವರ್ಕ್ ಮೇಲೆ ಅಂಕಗಳ ಓಡಾಟವೂ ಇಲ್ಲ. ಈ ಭಾಗ ಬರೆದದ್ದು ನನಗೆ ತುಂಬಾ ಖುಷಿ ಕೊಟ್ಟಿತು.

ಪಟ್ಟಿ ಬಂತು. ತೆರೆದು ನೋಡಿದರೆ ಬಹಳ ಜನರ ಮೇಲಿನ ಸಾಲುಗಳಲ್ಲಿ ಯಾರೂ ಕೇಳದ ಸಿನಿಮಾಗಳು. ಒಂದೋ ಎರಡೋ ರೇಟಿಂಗ್, ಅವೂ 5ಕ್ಕೆ 5. ಕಾರಣ ಹುಡುಕಿದಾಗ ರೆಗ್ಯುಲರೈಸೇಶನ್ ಕಡೆ, ಅಂದರೆ ವೆಕ್ಟರ್‌ಗಳು ವಿಪರೀತ ದೊಡ್ಡದಾಗದಂತೆ ಹಾಕುವ ಹಿಡಿತದ ಕಡೆ, ಬೆರಳು ತೋರಿತು. ಸ್ಪಾರ್ಕ್‌ನ ಎಎಲ್‌ಎಸ್ ಆ ಹಿಡಿತದ ಪ್ರಮಾಣವಾದ ಲ್ಯಾಂಬ್ಡಾವನ್ನು ಆಯಾ ಸಿನಿಮಾದ ರೇಟಿಂಗ್ ಸಂಖ್ಯೆಯಿಂದ ಗುಣಿಸುತ್ತದೆ. ಡೇಟಾದ ಗಾತ್ರ ಬದಲಾದರೂ ಲ್ಯಾಂಬ್ಡಾ ಅಷ್ಟಾಗಿ ಹೊಸದಾಗಿ ಹುಡುಕಬೇಕಾಗಿಲ್ಲ, ಅದು ಒಳ್ಳೆಯದೇ. ಆದರೆ ಎರಡೇ ರೇಟಿಂಗ್ ಇರುವ ಸಿನಿಮಾಗೂ ಎರಡು ಸಾವಿರ ಇರುವುದಕ್ಕೂ ಪ್ರತಿ ರೇಟಿಂಗಿಗೆ ಬೀಳುವ ಹಿಡಿತ ಒಂದೇ. ಕಡಿಮೆ ಸಾಕ್ಷಿ ಇರುವುದನ್ನು ಹೆಚ್ಚು ಅನುಮಾನದಿಂದ ನೋಡುವ ಗುಣ ಅಲ್ಲಿ ಇಲ್ಲ. ಟೆಸ್ಟ್ ಡೇಟಾದ ಆರ್‌ಎಂಎಸ್‌ಇಯಲ್ಲಿ (ಅಂದಾಜು ರೇಟಿಂಗ್ ಎಷ್ಟು ತಪ್ಪಿದೆ ಎಂಬ ಅಳತೆ) ಇದು ಕಾಣಿಸುವುದೂ ಇಲ್ಲ, ಯಾಕಂದರೆ ಅಂಥ ಸಿನಿಮಾಗಳ ರೇಟಿಂಗ್ ಅಲ್ಲಿ ಇರುವುದೇ ಅಪರೂಪ.

ಸದ್ಯಕ್ಕೆ 50ಕ್ಕಿಂತ ಕಡಿಮೆ ರೇಟಿಂಗ್ ಇರುವ ಸಿನಿಮಾಗಳನ್ನು ಪಟ್ಟಿಯಿಂದ ಹೊರಗಿಟ್ಟಿದ್ದೇನೆ. ಪಟ್ಟಿ ತಕ್ಷಣ ಸುಧಾರಿಸಿತು. ಆದರೂ ಸುಮ್ನೆ ಗೆರೆ ಎಳೆದು ಒಳ್ಳೆಯ ಚಿಕ್ಕ ಸಿನಿಮಾಗಳನ್ನು ಕಳೆದುಕೊಳ್ಳಲು ಮನಸ್ಸಿಲ್ಲ. ಮೊದಲು ಸಿನಿಮಾದ ಬಯಾಸನ್ನು (ಸರಾಸರಿಗಿಂತ ಅದಕ್ಕೆ ಎಷ್ಟು ಹೆಚ್ಚು ಕಡಿಮೆ ಬೀಳುತ್ತದೆ ಎಂಬುದು) ರೇಟಿಂಗ್ ಕಡಿಮೆ ಇದ್ದಷ್ಟೂ ಹೆಚ್ಚು ಸೊನ್ನೆಯತ್ತ ಎಳೆದು, ಸರಾಸರಿಯನ್ನೂ ಆ ಬಯಾಸನ್ನೂ ಕಳೆದು, ಉಳಿದದ್ದರ ಮೇಲೆ ಎಎಲ್‌ಎಸ್ ಓಡಿಸುವ ಕೋಡ್ ಅರ್ಧ ಆಗಿದೆ. ಮುಂದಿನ ಹೋಲಿಕೆಯಲ್ಲಿ ಆರ್‌ಎಂಎಸ್‌ಇ ಜೊತೆ ಮೇಲಿನ 10ರ ಪ್ರಿಸಿಶನ್ (ಆ 10ರಲ್ಲಿ ನಿಜಕ್ಕೂ ಇಷ್ಟವಾದವು ಎಷ್ಟು) ಕೂಡ ಅಳೆಯುತ್ತೇನೆ.