ಅಜ್ಜನ ಜೀಪಿಗೆ ಬಾಡಿ ಹುಡುಕಾಟ: ಕೊನೆಗೂ ಎಡಗಡೆ ಮಡ್‌ಗಾರ್ಡ್ ಕೂತಿತು

ಫೆಬ್ರವರಿ

ರೊಬಸ್ಟಾ ಕಾಫಿ ಕೊಯ್ಲು ಮುಗಿದ ಮಾರನೇ ದಿನವೇ ಜೀಪನ್ನು ಟ್ರ್ಯಾಕ್ಟರಿಗೆ ಕಟ್ಟಿ ಶೆಡ್ಡಿನಿಂದ ಕಣಕ್ಕೆ ಎಳೆದೆವು. ಒಂಬತ್ತು ವರ್ಷದಿಂದ ಒಂದೇ ಜಾಗದಲ್ಲಿ ನಿಂತಿತ್ತು. 1967ರ ಮಹೀಂದ್ರಾ ಸಿಜೆ-3ಬಿ, ಪೆಟ್ರೋಲ್ ಗಾಡಿ. ಅಜ್ಜ ಮೂಡಿಗೆರೆ ಸಂತೆಗೆ ಹೋಗುತ್ತಿದ್ದದ್ದು ಇದರಲ್ಲಿ. ಮದುವೆಯಾಗಿ ಅಮ್ಮ ಈ ಮನೆಗೆ ಬಂದದ್ದೂ ಇದರಲ್ಲೇ. ಎಂಜಿನ್ ಕಳೆದ ಮಳೆಗಾಲದಲ್ಲೇ ಬಿಚ್ಚಿ ಕಟ್ಟಿಸಿದ್ದೇನೆ. ಈ ಸಲದ ಕೆಲಸ ಪೂರ್ತಿ ಬಾಡಿಯದ್ದು.

ಸ್ಕ್ರೂಡ್ರೈವರ್ ಹಿಡಿದು ಒಂದೊಂದೇ ಜಾಗ ಕುಟ್ಟುತ್ತಾ ಹೋದೆ. ಗಟ್ಟಿ ಇರುವ ಕಡೆ ಠಣ್ ಅನ್ನುತ್ತದೆ. ಕೊಳೆತ ಕಡೆ ಸದ್ದೇ ಇಲ್ಲ, ಸುಮ್ನೆ ಒಳಗೆ ಹೋಗುತ್ತದೆ. ಹಿಂದಿನ ಫ್ಲೋರ್ ಹಪ್ಪಳದ ಹಾಗೆ ಮುರಿಯಿತು. ಮುಂದಿನ ಫ್ಲೋರ್ ಅಷ್ಟು ಹಾಳಾಗಿರಲಿಲ್ಲ. ಯಾಕೆ ಹೀಗೆ ಅಂತ ಯೋಚಿಸಿದಾಗ ನೆನಪಾಯಿತು, ಹಿಂದುಗಡೆ ಪ್ರತಿ ವರ್ಷ ಗೊಬ್ಬರದ ಮೂಟೆ ಹೊತ್ತಿದೆ ಈ ಗಾಡಿ. ಪೊಟ್ಯಾಶ್ ಅಂದರೆ ಒಂದು ಬಗೆಯ ಉಪ್ಪೇ ಅಲ್ವಾ. ಉದುರಿದ ಪುಡಿ, ನಮ್ಮ ಕಡೆಯ ಮಳೆ, ಒದ್ದೆ ಗೋಣಿ ಮೂರೂ ಸೇರಿದರೆ ಎಂಥ ತಗಡೂ ಉಳಿಯುವುದಿಲ್ಲ. ತೋಟದ ಗಾಡಿಗೆ ಬಾಡಿ ಹುಡುಕುವವರು ಮೊದಲು ಹಿಂದಿನ ಫ್ಲೋರ್ ಕೆಳಗೆ ನುಗ್ಗಿ ನೋಡಿ.

ಬೇಕಾದ್ದು ಇಷ್ಟು: ಹಿಂದಿನ ಫ್ಲೋರ್, ಎರಡೂ ಮಡ್‌ಗಾರ್ಡ್, ಹಿಂಬಾಗಿಲು, ಬಾನೆಟ್. ಬಾನೆಟ್ಟಿನ ಮೇಲೆ ಸಿಲ್ವರ್ ಓಕ್ ಕೊಂಬೆ ಬಿದ್ದು ನಡುವೆ ಮಡಚಿಹೋಗಿದೆ. ಗ್ರಿಲ್ ಮತ್ತು ಗ್ಲಾಸ್ ಫ್ರೇಮ್ ಚೆನ್ನಾಗಿವೆ. ಅದೊಂದು ದೊಡ್ಡ ಪುಣ್ಯ.

ಮಾರ್ಚ್

ಜೀಪಿನ ಬಾನೆಟ್ ಬೇಕು ಅಂದರೆ ಅಂಗಡಿಯವರು ಮೊದಲು ಕೇಳಬೇಕಾದ್ದು ‘ಲೋ ಬಾನೆಟ್ಟಾ, ಹೈ ಬಾನೆಟ್ಟಾ?’ ಎಂದು. ಕೇಳದೆ ‘ಇದೆ, ಕಳಿಸ್ತೀವಿ’ ಅಂದರೆ ಅನುಮಾನಪಡಿ. ನಾನು ಪಡಲಿಲ್ಲ. ಉತ್ತರದ ಕಡೆಯ ಒಬ್ಬರು ಮುಂಗಡ ತೆಗೆದುಕೊಂಡು ಲಾರಿಯಲ್ಲಿ ಬಾನೆಟ್ ಕಳಿಸಿದರು. ಬಂದದ್ದು ಲೋ ಬಾನೆಟ್. ಎಂಜಿನ್ ಮೇಲೆ ಇಟ್ಟರೆ ಮುಚ್ಚುವುದೇ ಇಲ್ಲ. ವಾಪಸ್ ತೆಗೆದುಕೊಳ್ಳಲಿಲ್ಲ, ದುಡ್ಡು ಹೋಯಿತು. ತುಂಬಾ ಬೇಜಾರಾಯಿತು.

ಈ ಎರಡು ಬಾನೆಟ್ ಯಾಕೆ ಇವೆ ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಉಳಿದ ಭಾಗ ಕೊಳ್ಳುವಾಗಲೂ ಇದೇ ಕೆಲಸಕ್ಕೆ ಬರುತ್ತದೆ. ಎರಡನೇ ಮಹಾಯುದ್ಧದ ವಿಲ್ಲೀಸ್ ಜೀಪಿನ ಎಂಜಿನ್ನಿನಲ್ಲಿ ಎಲ್ಲಾ ವಾಲ್ವ್‌ಗಳೂ ಬ್ಲಾಕಿನ, ಅಂದರೆ ಎಂಜಿನ್ನಿನ ಕೆಳಗಿನ ದೊಡ್ಡ ಭಾಗದ, ಒಳಗೇ ಇದ್ದವು. ಹಾಗಾಗಿ ಎಂಜಿನ್ ಗಿಡ್ಡ, ಬಾನೆಟ್ಟೂ ಗಿಡ್ಡ. ಆಮೇಲೆ ಬಂದ ಹರಿಕೇನ್ ಎಂಜಿನ್ನಿನಲ್ಲಿ ಇನ್‌ಟೇಕ್ ವಾಲ್ವ್ ಬ್ಲಾಕಿನ ಮೇಲೆ ಕೂರುವ ಹೆಡ್ಡಿಗೆ ಹೋಯಿತು, ಎಕ್ಸಾಸ್ಟ್ ವಾಲ್ವ್ ಕೆಳಗೇ ಉಳಿಯಿತು. ಸಿಲಿಂಡರುಗಳ ಒಳ ಅಳತೆ ಅದೇ 2.2 ಲೀಟರ್, ಆದರೆ ಎಂಜಿನ್ ಎತ್ತರವಾಯಿತು. ಅದಕ್ಕೆ ಜಾಗ ಮಾಡಲು ಗ್ರಿಲ್, ಬಾನೆಟ್ ಎರಡನ್ನೂ ಏರಿಸಿದರು. ಹಾಗೆ ಹುಟ್ಟಿದ್ದು ಸಿಜೆ-3ಬಿ. ಅಮೆರಿಕದಲ್ಲಿ ಇದು 1953ರಿಂದ 1968ರವರೆಗೆ ತಯಾರಾಯಿತು. ಇಲ್ಲಿ ಮಹೀಂದ್ರಾದವರು ಅದಾದ ಮೇಲೂ ಇದೇ ಮುಖದ ಜೀಪ್ ಮಾಡುತ್ತಾ ಹೋದರು. ನಮ್ಮ ಪಾಲಿಗೆ ಅದೇ ಒಳ್ಳೆಯದಾಯಿತು. ಹುಡುಕಿದರೆ ಹೈ ಬಾನೆಟ್ ಇನ್ನೂ ಸಿಗುತ್ತದೆ.

ಹೊಸದಾಗಿ ಬಾಡಿ ಮಾಡುವವರು ಹರಿಯಾಣದ ಮಂಡಿ ಡಬ್ವಾಲಿ ಕಡೆ ಜಾಸ್ತಿ. ಆದರೆ ಕೇಳುವವರು ಹೆಚ್ಚಾಗಿ ಕೇಳುವುದು ಮಿಲಿಟರಿ ಜೀಪಿನ ಮುಖವನ್ನು. ಅದರ ಗ್ರಿಲ್ಲಿನಲ್ಲಿ ಒಂಬತ್ತು ಸೀಳು ಇರುತ್ತವೆ, ನಮ್ಮದರಲ್ಲಿ ಏಳು. ಮಿಲಿಟರಿ ಗಾಡಿಗೆ ಹಿಂಬಾಗಿಲೇ ಇರಲಿಲ್ಲ. ಅಮೆರಿಕದಿಂದ ತರಿಸಿದರೆ ಇನ್ನೊಂದು ತೊಂದರೆ. ಅಲ್ಲಿ ಸ್ಟೇರಿಂಗ್ ಎಡಗಡೆ, ಹಾಗಾಗಿ ಪೆಡಲ್ ತೂತು, ಸ್ಟೇರಿಂಗ್ ತೂತು ಎಲ್ಲಾ ಅದಲುಬದಲು. ಬಾಡಿ ಕೊಳ್ಳುವವರು ವೀಲ್‌ಬೇಸ್, ಅಂದರೆ ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವಿನ ದೂರ, ಕೇಳದೆ ದುಡ್ಡು ಕೊಡಬೇಡಿ. ನಮ್ಮದು 80 ಇಂಚು. ಉದ್ದ ಚಾಸಿಯ ಜೀಪುಗಳದ್ದು 91. ಆ ಹನ್ನೊಂದು ಇಂಚನ್ನು ಯಾವ ಟಿಂಕರೂ ಮುಚ್ಚಿಡಲಾರ.

ಹೇಗೂ ಲೋ ಬಾನೆಟ್ ಬಂದಿದೆಯಲ್ಲ, ಗ್ರಿಲ್ ಕೂಡ ಬದಲಾಯಿಸಿ ಮಿಲಿಟರಿ ಲುಕ್ ಮಾಡಿಬಿಡು ಅಂತ ಇಬ್ಬರು ಗೆಳೆಯರು ಹೇಳಿದರು. ಮನಸ್ಸು ಒಪ್ಪಲಿಲ್ಲ. ಇದು ಅಜ್ಜನ ಗಾಡಿ, ಅದರ ಮುಖ ಅದಕ್ಕೇ ಇರಲಿ. ಕಾಗದದ ವಿಷಯವೂ ಇದೆ. 2021ರಲ್ಲಿ ಬಂದ ವಿಂಟೇಜ್ ನೋಂದಣಿ ನಿಯಮದ ಪ್ರಕಾರ ಗಾಡಿಗೆ 50 ವರ್ಷ ದಾಟಿರಬೇಕು, ಜೊತೆಗೆ ಚಾಸಿ, ಬಾಡಿ, ಎಂಜಿನ್ ಮೂಲ ರೂಪದಲ್ಲೇ ಇರಬೇಕು. ಮುಂದೆ ಆ ನಂಬರ್ ತೆಗೆದುಕೊಳ್ಳುವ ಆಸೆ ನನಗಿದೆ.

ಸರಿಯಾದ ಬಾನೆಟ್ ಸಿಕ್ಕಿದ್ದು ಹಾಸನದ ಒಂದು ಗುಜರಿಯಲ್ಲಿ. ಕೋಳಿ ಗೂಡಿನ ಮೇಲೆ ಮಾಡಿನ ಹಾಗೆ ಮುಚ್ಚಿದ್ದರು! ಅಂಚಿನಲ್ಲಿ ನಾಣ್ಯದಿಂದ ಕೆರೆದೆ. ಮೇಲೆ ಕೆಂಪು, ಅದರ ಕೆಳಗೆ ನೀಲಿ, ಅದರ ಕೆಳಗೆ ಹಸಿರು, ಕೊನೆಗೆ ಹೊಳೆಯುವ ತಗಡು. ಎಲ್ಲೂ ಪುಟ್ಟಿ ಇಲ್ಲ. ಹಿಂಬಾಗಿಲೂ ಅಲ್ಲೇ ಸಿಕ್ಕಿತು, ಎರಡೂ ಕಡೆ ಸರಪಳಿ ಸಮೇತ. ಹೊರಡುವ ಹೊತ್ತಿಗೆ ಹೂವಿನ ಮಳೆ, ಅದೇ ಕಾಫಿ ಹೂ ಅರಳಿಸುವ ಮಳೆ, ಶುರುವಾಯಿತು. ಬಾನೆಟ್ಟಿಗೆ ಟಾರ್ಪಾಲ್ ಹೊದಿಸಿ ಬೇಲೂರು ದಾರಿಯಲ್ಲಿ ನಿಧಾನವಾಗಿ ಮನೆಗೆ ತಂದೆ.

ಏಪ್ರಿಲ್

ಮಡ್‌ಗಾರ್ಡಿನದ್ದೇ ದೊಡ್ಡ ಕಥೆ.

ಹಳೆ ಮಡ್‌ಗಾರ್ಡಿನ ತಗಡನ್ನು ತುಕ್ಕಿಲ್ಲದ ಕಡೆ ವರ್ನಿಯರಿನಲ್ಲಿ ಅಳೆದೆ. 1.2 ಎಂಎಂ, ಅಂದರೆ 18 ಗೇಜ್. ಚಿಕ್ಕಮಗಳೂರಿನಲ್ಲಿ ಮೊದಲು ನೋಡಿದ ಜೋಡಿ 0.8. ನೋಡಲು ಅಂದವಾಗಿತ್ತು. ಹೆಬ್ಬೆರಳಿನಿಂದ ನಡುವೆ ಒತ್ತಿದೆ. ಎಣ್ಣೆ ಡಬ್ಬದ ಹಾಗೆ ಟೊಕ್ ಅಂತ ಒಳಗೆ ಹೋಗಿ, ಕೈ ಬಿಟ್ಟಾಗ ಟೊಕ್ ಅಂತ ಹೊರಗೆ ಬಂತು. ಜೀಪಿನ ಮಡ್‌ಗಾರ್ಡ್ ಮೇಲೆ ಆಳು ಕೂರುತ್ತಾರೆ, ಮೂಟೆ ಇಡುತ್ತಾರೆ. ಅದು ಬೇಡ ಅಂತ ಬಂದೆ. ಆಮೇಲೆ 1.2 ತಗಡಿನ ಜೋಡಿ ಸಿಕ್ಕಿತು.

ಬಲಗಡೆಯದ್ದು ಅರ್ಧ ಗಂಟೆಯಲ್ಲಿ ಕೂತಿತು. ಎಡಗಡೆಯದ್ದು ಕೂರಲಿಲ್ಲ. ಗ್ರಿಲ್ ಕಡೆ ಬೋಲ್ಟ್ ಹಾಕಿದರೆ ಹಿಂದಿನ ತೂತುಗಳು 14 ಎಂಎಂ ಮೇಲೆ ನಿಲ್ಲುತ್ತಿದ್ದವು. ಇದು ತಪ್ಪು ಮಾಲು ಅಂತ ತೀರ್ಮಾನಿಸಿ, ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಇನ್ನೊಂದು ಎಡಗಡೆ ಮಡ್‌ಗಾರ್ಡ್ ತಂದೆ. ಅದೂ 14 ಎಂಎಂ ಮೇಲೆ! ತೂತನ್ನೇ ಉದ್ದ ಮಾಡಿಬಿಡೋಣ ಅಂತ ಗ್ರೈಂಡರ್ ಕೈಗೆ ತೆಗೆದುಕೊಂಡಿದ್ದೆ.

ಟಿಂಕರ್ ಮೇಸ್ತ್ರಿ ತಡೆದರು. “ಗೌಡ್ರೆ, ಎರಡು ಬೇರೆ ಬೇರೆ ಕಡೆಯ ಮಾಲು ಒಂದೇ ಅಳತೆಗೆ ತಪ್ತಾ ಇದೆ ಅಂದ್ರೆ ತಪ್ಪು ಮಾಲಿಂದಲ್ಲ. ಗಾಡೀನೇ ಕೂತಿದೆ ನೋಡಿ.”

ಚಾಸಿಯಿಂದ ಬಾಡಿಗೆ ಎರಡೂ ಕಡೆ ಎತ್ತರ ಅಳೆದೆವು. ಡ್ಯಾಶ್‌ಬೋರ್ಡ್ ಮುಂದಿನ ಗೋಡೆ ಇದೆಯಲ್ಲ, ಮೇಸ್ತ್ರಿ ಅದನ್ನು ಕೌಲ್ ಅನ್ನುತ್ತಾರೆ, ಅದು ಎಡಗಡೆ 14 ಎಂಎಂ ಕೆಳಗಿತ್ತು. ಮಡ್‌ಗಾರ್ಡಿನ ಹಿಂದಿನ ತುದಿ ಬೋಲ್ಟ್ ಆಗುವುದು ಅದಕ್ಕೇ. ಮ್ಯಾಟ್ ಎತ್ತಿ, ಕೆಳಗಿನ ಬೋಲ್ಟ್ ಬಿಚ್ಚಿದೆವು. ಬಾಡಿಗೂ ಚಾಸಿಗೂ ನಡುವೆ ಇರಬೇಕಾದ ರಬ್ಬರ್ ಪ್ಯಾಕಿಂಗ್ ಪುಡಿಯಾಗಿ ಹೋಗಿತ್ತು. ಅದರ ಮೇಲೆ ಬಾಡಿಯ ತಳದಲ್ಲಿರುವ ತಗಡಿನ ಪಟ್ಟಿ, ಅಂದರೆ ಚಾನೆಲ್, ಕೊಳೆತು, ತೂಕಕ್ಕೆ ಮಡಚಿ, ಚಾಸಿಗೆ ಅಂಟಿಕೊಂಡು ಕೂತಿತ್ತು. ಹೊರಗಿನಿಂದ ಏನೂ ಕಾಣುತ್ತಿರಲಿಲ್ಲ, ಯಾಕೆಂದರೆ ಯಾರೋ ಹಿಂದೆ ಅದರ ಮೇಲೆ ಒಂದು ಪ್ಯಾಚ್ ಹಾಕಿ ಟಾರ್ ಬಳಿದಿದ್ದರು.

ಬಾಟಲ್ ಜಾಕ್ ಮೇಲೆ ಹಲಸಿನ ಹಲಗೆ ಇಟ್ಟು ಕೌಲನ್ನು ಸ್ವಲ್ಪ ಸ್ವಲ್ಪವೇ ಎತ್ತಿದೆವು. ಒಂದು ಸಲಕ್ಕೆ ಕಾಲು ಸುತ್ತು, ಮತ್ತೆ ಅಳತೆ, ಮತ್ತೆ ಕಾಲು ಸುತ್ತು. ಕೊಳೆತ ಚಾನೆಲ್ ಕತ್ತರಿಸಿ 16 ಗೇಜಿನಲ್ಲಿ ಹೊಸದು ಬಗ್ಗಿಸಿ, ಸಿಒ2 ವೆಲ್ಡಿಂಗಿನಲ್ಲಿ ಟ್ಯಾಕ್, ಅಂದರೆ ಅಲ್ಲಲ್ಲಿ ಚುಕ್ಕೆ, ಮಾತ್ರ ಹೊಡೆದೆವು. ಗ್ಯಾಸ್ ವೆಲ್ಡಿಂಗ್ ಬೇಡ ಅಂದೆ. ಇಷ್ಟು ತೆಳು ತಗಡಿಗೆ ಅದರ ಬಿಸಿ ಜಾಸ್ತಿ, ಅಲೆಅಲೆಯಾಗಿ ಎದ್ದುಬಿಡುತ್ತದೆ. ಹೊಸ ರಬ್ಬರ್ ಹಾಕಿ ಬೋಲ್ಟ್ ಬಿಗಿದೆವು.

ಆಮೇಲೆ ಮೊದಲು ತಂದಿದ್ದ ಎಡಗಡೆ ಮಡ್‌ಗಾರ್ಡನ್ನೇ ಎತ್ತಿ ಇಟ್ಟೆವು. ಎಲ್ಲಾ ಬೋಲ್ಟೂ ಬೆರಳಿನಲ್ಲೇ ತಿರುಗಿಕೊಂಡು ಒಳಗೆ ಹೋದವು, ಸ್ಪ್ಯಾನರ್ ಬೇಕಾಗಲೇ ಇಲ್ಲ. ಹಾಸನದ ಬಾನೆಟ್ ಇಳಿಸಿದೆವು. ಕೌಲ್ ಪಕ್ಕದ ಸಂದಿಗೆ ಕಿರುಬೆರಳು ಇಟ್ಟು ಎಡದಿಂದ ಬಲಕ್ಕೆ ಎಳೆದೆ. ಎಲ್ಲೂ ಸಿಕ್ಕಿಕೊಳ್ಳಲಿಲ್ಲ. ಒಂದೇ ಸಮ ಇತ್ತು. ಮೇಸ್ತ್ರಿ ಏನೂ ಮಾತಾಡದೆ ಬೀಡಿ ಹಚ್ಚಿಕೊಂಡು ಗಾಡಿಗೆ ಒಂದು ಸುತ್ತು ಹಾಕಿದರು. ನನಗೆ ಆ ದಿನ ಊಟವೇ ಬೇಕೆನಿಸಲಿಲ್ಲ, ಅಷ್ಟು ಖುಷಿ.

ಈಗ ಎಲ್ಲಾ ಭಾಗಗಳೂ ಬರೀ ಬೋಲ್ಟಿನ ಮೇಲೆ ನಿಂತಿವೆ. ಪೂರ್ತಿ ವೆಲ್ಡಿಂಗ್ ಆಗುವವರೆಗೆ ಯಾವುದನ್ನೂ ಬಿಚ್ಚುವುದಿಲ್ಲ. ಬಾನೆಟ್, ಮಡ್‌ಗಾರ್ಡ್, ಗ್ರಿಲ್ ಎಲ್ಲಾ ಜಾಗದಲ್ಲಿದ್ದರೆ ಮಾತ್ರ ಫ್ಲೋರ್ ವೆಲ್ಡ್ ಮಾಡುವಾಗ ಬಾಡಿ ಓರೆಯಾಗುತ್ತಿದೆಯಾ ಅಂತ ಸಂದಿ ನೋಡಿಯೇ ಗೊತ್ತಾಗುತ್ತದೆ. ಬಾಡಿಯ ಮೂಲೆಯಿಂದ ಮೂಲೆಗೆ ಎರಡೂ ಕಡೆ ನೂಲು ಎಳೆದು ಅಳತೆಯನ್ನು ಶೆಡ್ಡಿನ ಗೋಡೆ ಮೇಲೆ ಚಾಕ್‌ಪೀಸಿನಲ್ಲಿ ಬರೆದಿಟ್ಟಿದ್ದೇವೆ.

ಫ್ಲೋರಿನ ತಗಡು ಶನಿವಾರ ಬರುತ್ತದೆ. ಜೂನ್ ಮಳೆ ಹಿಡಿಯುವ ಮುಂಚೆ ಪ್ರೈಮರ್ ಆಗಲೇಬೇಕು. ಅದಕ್ಕೂ ಮೊದಲು ಬಲಗಡೆ ಬಾಡಿಯನ್ನು ಚಾಸಿಗೆ ಹಿಡಿದಿರುವ ಬೋಲ್ಟ್ ಒಂದನ್ನು ಮಾತ್ರ ಬಿಚ್ಚಿ, ಅಲ್ಲಿರುವ ಪ್ಯಾಚಿನ ಕೆಳಗೆ ಏನಿದೆ ಅಂತ ನೋಡಬೇಕು.