ಕಮಿಷನ್ ಯಾರ ಜೇಬಿನಿಂದ ಬರುತ್ತದೆ?

ಹುಬ್ಬಳ್ಳಿಯ ಒಂದು ಟ್ರಾವೆಲ್ಸ್ ಆಫೀಸಿನಲ್ಲಿ ಬುಕಿಂಗ್, ಗಾಡಿ, ಡ್ರೈವರ್ ಎಲ್ಲವನ್ನೂ ನೋಡಿಕೊಳ್ಳುವುದು ನನ್ನ ಕೆಲಸ. ನಮ್ಮಲ್ಲಿ ಜಾಸ್ತಿ ಹೋಗುವುದು ಗದಗ, ಲಕ್ಕುಂಡಿ, ಡಂಬಳದ ಒಂದು ದಿನದ ಟ್ರಿಪ್. ಬಂದವರಲ್ಲಿ ಬಹಳ ಜನ ಕಸೂತಿ ಸೀರೆ, ನವಲಗುಂದದ ಜಮಖಾನ ಎಲ್ಲಿ ಸಿಗುತ್ತದೆ ಅಂತ ಕೇಳುತ್ತಾರೆ. ಕಮಿಷನ್ ಶುರುವಾಗುವುದು ಅಲ್ಲಿಂದಲೇ.

ಡ್ರೈವರ್ ಪಾರ್ಟಿಯನ್ನು ಒಂದು ಅಂಗಡಿ ಮುಂದೆ ಇಳಿಸುತ್ತಾನೆ. ಅವರು ಸೀರೆ ಕೊಂಡರೆ ಅದರಲ್ಲಿ ಒಂದು ಪಾಲು ಅವನಿಗೆ. ಅಂಗಡಿಯವರು ಇದನ್ನು ತಮ್ಮ ಲಾಭದಿಂದ ಕೊಡುತ್ತಾರೆ ಅಂದುಕೊಳ್ಳಬೇಡಿ. ಒಂದೋ ಬೆಲೆ ಏರುತ್ತದೆ, ಇಲ್ಲವೇ ಹೊಲಿದವರ ಕೂಲಿ ಇಳಿಯುತ್ತದೆ. ಎರಡೂ ಆಗದಿದ್ದರೆ ಮಷಿನ್ ಕಸೂತಿಯನ್ನೇ ಕೈಕಸೂತಿ ಅಂತ ಮಾರುತ್ತಾರೆ.

ನನಗೆ ಹೆಚ್ಚು ನೋವಾಗುವುದು ಈ ಕೊನೆಯದರಿಂದ. ಕಸೂತಿಗೆ ಬಟ್ಟೆ ಮೇಲೆ ಮೊದಲು ಗೆರೆ ಬರೆದುಕೊಳ್ಳುವುದಿಲ್ಲ. ಎಳೆ ಎಣಿಸಿ ಎಣಿಸಿ ಸೂಜಿ ಹಾಕಬೇಕು. ದಾರಕ್ಕೆ ಗಂಟು ಹಾಕುವಂತಿಲ್ಲ. ಗವಂತಿ, ಮುರ್ಗಿ ಹೊಲಿಗೆಯಾದರೆ ಬಟ್ಟೆಯ ಎರಡೂ ಬದಿ ಒಂದೇ ಥರ ಕಾಣಬೇಕು. ಒಂದು ತೇರು, ಒಂದು ಗೋಪುರ ಮೂಡುವಷ್ಟರಲ್ಲಿ ಕಣ್ಣು ಸೋತುಹೋಗುತ್ತದೆ. ಕಸೂತಿಗೆ ಜಿಐ ಟ್ಯಾಗ್ (ಇದು ಈ ಸೀಮೆಯದೇ ಕಲೆ ಅನ್ನುವ ಸರ್ಕಾರಿ ಗುರುತು) ಇದೆ, ನಿಜ. ಆದರೆ ಟ್ಯಾಗ್ ಬಂದು ಅಂಗಡಿಯಲ್ಲಿ ಕಾವಲು ಕೂರುವುದಿಲ್ಲ ಅಲ್ವಾ? ಧಾರವಾಡದಲ್ಲಿ ಕಸೂತಿ ಹಾಕುವ ಹಿರಿಯರೊಬ್ಬರು ನನ್ನನ್ನು ನೇರವಾಗಿ ಕೇಳಿದರು: "ತಂಗಿ, ಗಾಡಿ ನಿಲ್ಲಿಸಿದವಗ ರೊಕ್ಕ ಐತಿ. ಕಣ್ಣು ಕಳಕೊಂಡು ಹೊಲಿದಾಕಿಗೆ ಯಾಕಿಲ್ಲ?"

ಹಾಗಂತ ಡ್ರೈವರನ್ನು ಬೈದರೆ ಏನೂ ಆಗುವುದಿಲ್ಲ. ಕಮಿಷನ್ ತೆಗೆದುಕೊಳ್ಳಬಾರದು ಅಂತ ಆಫೀಸಿನಲ್ಲಿ ಬೋರ್ಡ್ ಹಾಕಿದ್ದರು. ಅದು ಸುಮ್ನೆ ಗೋಡೆ ಮೇಲೆ ಇತ್ತು ಅಷ್ಟೇ. ಬಾಟಾ, ಅಂದರೆ ಡ್ರೈವರನ ದಿನಭತ್ಯೆ, ಅದರ ಬಗ್ಗೆ ನಮ್ಮ ಹಳೆಯ ಡ್ರೈವರ್ ಹೇಳಿದ್ದೇ ಸರಿ: "ಅಕ್ಕಾರ, ಬಾಟಾ ಸರಿಯಾಗಿ ಕೊಟ್ರ ನಾವ್ಯಾಕ ಅಂಗಡಿ ಅಂಗಡಿ ತಿರಗತೀವಿ?" ರೇಟ್ ಕಡಿಮೆ ತೋರಿಸುವ ಪೈಪೋಟಿಯಲ್ಲಿ ಎಲ್ಲರೂ ಮೊದಲು ಕತ್ತರಿಸುವುದು ಡ್ರೈವರ್ ಬಾಟಾವನ್ನೇ. ಊಟ ಅವನದೇ ಖರ್ಚು. ರಾತ್ರಿ ನಿದ್ದೆ ಗಾಡಿಯಲ್ಲೇ.

ಆಮೇಲೆ ಕೊಟೇಶನ್ ಬದಲಾಯಿಸಿದೆವು. ಬಾಟಾ, ಊಟ, ರಾತ್ರಿ ತಂಗುವ ಖರ್ಚು ಒಂದೊಂದೂ ಬೇರೆ ಬೇರೆ ಸಾಲಿನಲ್ಲಿ ಬಂತು. ಟೋಲ್, ಪಾರ್ಕಿಂಗ್ ರಸೀದಿ ಪ್ರಕಾರ. ಟ್ರಿಪ್ ಮುಗಿದ ಸಂಜೆಯೇ ಡ್ರೈವರ್ ಕೈಗೆ ದುಡ್ಡು. ನಮ್ಮ ರೇಟ್ ಬೇರೆಯವರಿಗಿಂತ ಜಾಸ್ತಿ ಕಾಣತೊಡಗಿತು, ಕೆಲವು ಪಾರ್ಟಿಗಳು ಕೈಬಿಟ್ಟವು. ಕಮಿಷನ್ ಪೂರ್ತಿ ನಿಂತಿದೆ ಅಂತ ನಾನು ಹೇಳಲಾರೆ. ಆದರೆ ಈಗ ಕಸೂತಿ ಕೇಳಿದವರನ್ನು ಡ್ರೈವರುಗಳೇ ನೇರವಾಗಿ ಹೊಲಿಯುವವರ ಮನೆಗೆ ಕರೆದೊಯ್ಯುತ್ತಾರೆ. ಸೀರೆಯ ಚೀಟಿಯಲ್ಲಿ ಬೆಲೆ ಬರೆದಿರುತ್ತದೆ, ದುಡ್ಡು ಹೊಲಿದವರ ಫೋನಿಗೇ ಹೋಗುತ್ತದೆ.

ವಿಶ್ವ ಪ್ರವಾಸೋದ್ಯಮ ಸಂಸ್ಥೆ 1999ರಲ್ಲೇ ಒಂದು ನೀತಿ ಸಂಹಿತೆ ಒಪ್ಪಿಕೊಂಡಿದೆ. ದುಡಿಯುವವರ ಹಕ್ಕು, ಊರಿನವರಿಗೆ ಲಾಭದಲ್ಲಿ ಪಾಲು, ಪ್ರವಾಸಿಗೆ ನಿಜವಾದ ಮಾಹಿತಿ, ಎಲ್ಲ ಅದರಲ್ಲಿದೆ. ನಮ್ಮ ಟೇಬಲ್ಲಿಗೆ ಬಂದಾಗ ಅದು ಬಾಟಾದ ಒಂದು ಸಾಲು, ಗೈಡಿನ ಒಂದು ಮಾತು ಆಗುತ್ತದೆ.

ಗೈಡ್ ವಿಷಯವೂ ಹೇಳಬೇಕು. ಲಕ್ಕುಂಡಿಯಲ್ಲಿ ಆ ಊರಿನವರನ್ನೇ ಕರೆಯುತ್ತೇವೆ, ದುಡ್ಡು ಮೊದಲೇ ಗೊತ್ತುಮಾಡುತ್ತೇವೆ. ನಮ್ಮ ಷರತ್ತು ಒಂದೇ: ಸುರಂಗ, ನಿಧಿ ಅಂತ ಕಟ್ಟುಕತೆ ಬೇಡ. ಅತ್ತಿಮಬ್ಬೆ ಕಟ್ಟಿಸಿದ ಬ್ರಹ್ಮ ಜಿನಾಲಯ, ಮಾಣಿಕೇಶ್ವರ ಗುಡಿ ಪಕ್ಕದ ಮುಸುಕಿನ ಬಾವಿ, ಇವೆಲ್ಲ ಕಣ್ಣೆದುರೇ ಇರುವಾಗ ಸುಳ್ಳು ಯಾಕೆ ಬೇಕು? ಗದಗ ಜಿಲ್ಲೆಯ ಮಾಗಡಿ ಕೆರೆಗೂ ಇದೇ ಮಾತು. ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ, 2024ರಲ್ಲಿ ಕೆರೆ ಜಗತ್ತಿನ ಮುಖ್ಯ ಜೌಗುಭೂಮಿಗಳ ರಾಮ್ಸರ್ ಪಟ್ಟಿಗೂ ಸೇರಿದೆ. ಆದರೆ 'ಹಕ್ಕಿ ಗ್ಯಾರಂಟಿ' ಅಂತ ನಾವು ಬರೆಯುವುದಿಲ್ಲ. ಹಾಗೆ ಬರೆದರೆ ಫೋಟೋಕ್ಕಾಗಿ ಹಕ್ಕಿ ಎಬ್ಬಿಸಲು ಯಾರಾದರೂ ಕಲ್ಲು ಎಸೆಯುತ್ತಾರೆ. ವೈಟ್ ಬೋರ್ಡ್ ಗಾಡಿಯನ್ನು, ಅಂದರೆ ಬಾಡಿಗೆ ಪರ್ಮಿಟ್ ಇಲ್ಲದ ಸ್ವಂತ ಬಳಕೆಯ ಗಾಡಿಯನ್ನು, ಬಾಡಿಗೆಗೆ ಕಳಿಸುವುದೂ ಇಲ್ಲ. ಅಪಘಾತವಾದರೆ ವಿಮೆ ಕಂಪನಿ ಕೈ ಎತ್ತಬಹುದು.

ಇನ್ನೂ ಸರಿಹೋಗದ್ದು ಸಾಲದ ಬಿಲ್. ಕೆಲವು ಕಂಪನಿಗಳು ಟೀಮ್ ಟ್ರಿಪ್ ಮುಗಿಸಿ ತಿಂಗಳುಗಟ್ಟಲೆ ದುಡ್ಡು ಕೊಡುವುದಿಲ್ಲ. ಅಲ್ಲಿಯವರೆಗೆ ಡ್ರೈವರ್, ಗೈಡ್, ಊಟ ಹಾಕಿದ ಖಾನಾವಳಿಯವರನ್ನು ಕಾಯಿಸುವುದು ಹೇಗೆ? ಅದಕ್ಕೆ ಈ ಸೀಸನ್ನಿನಿಂದ ಅರ್ಧ ಮುಂಗಡ ಕೊಡದ ಕಂಪನಿಯ ಬುಕಿಂಗನ್ನು ನಾವು ತೆಗೆದುಕೊಳ್ಳುತ್ತಿಲ್ಲ.